ಈಶ್ವರ ಕಾಣದ ಗೋಡೆ

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬಸ್ಸು ನಮ್ಮೂರ ಭಜನೆ ಮಂದಿರದ ಎದುರಿಗೇ ನಿಲ್ಲುತ್ತದೆ. ಕಿಟಕಿಯ ಪಕ್ಕದಲ್ಲಿ ಕೂತವರಿಗೆ ಮಂದಿರದ ಕಾಂಪೌಂಡ್ ಗೋಡೆಯ ಹೊರಮೈಯಲ್ಲಿ ಶಿವ, ಪಾರ್ವತಿ, ಗಣಪತಿಯರ ಟೈಲ್ಸ್ ಚಿತ್ರವೊಂದು ಬಿಸಿಲಿಗೆ ಹೊಳೆಯುವುದು ಕಾಣುತ್ತದೆ. ಕೆಲವರು ಕೂತಲ್ಲಿಂದಲೇ ಕೈಮುಗಿಯುತ್ತಾರೆ. ಆ ಟೈಲ್ಸನ್ನು ತರಿಸಿದ್ದು ಬೀದಿಗಾಗಿ ಅಲ್ಲ, ಮಂದಿರದ ಒಳಗಿನ ಪಡುವಣ ಗೋಡೆಗಾಗಿ. ಅದು ಒಳಗೆ ಹೋಗದೆ ಹೊರಗೇ ಉಳಿಯಲು ಚೆಲುವರಾಜು ಎಂಬ ಬೋರ್ಡ್ ಬರೆಯುವವನು ಕಾರಣ. ಅವನು ಯಾರನ್ನೂ ತಡೆಯಲಿಲ್ಲ. ಹಾಗೆ ನೋಡಿದರೆ ಅವನು ಏನನ್ನೂ ಮಾಡಲಿಲ್ಲ.

ಚೆಲುವರಾಜು ಹುಟ್ಟಿದ್ದು ತಲಕಾಡಿನ ಕಡೆಯ ಒಂದು ಹಳ್ಳಿಯಲ್ಲಿ. ತಾಯಿ ಕೂಲಿಗೆ ನಾಟಿ ಹಾಕುತ್ತಿದ್ದವಳು. ಮನೆಯಲ್ಲಿ ದೇವರ ಪಟ ಇರಲಿಲ್ಲ. ಮಧ್ಯಾಹ್ನ ಗದ್ದೆಯ ಬದುವಿನ ಮೇಲೆ ಬುತ್ತಿ ಬಿಚ್ಚುವ ಮೊದಲು ಆಕೆ ಮುಡುಕುತೊರೆ ಬೆಟ್ಟದ ಕಡೆ ತಿರುಗಿ ಕೈಮುಗಿಯುತ್ತಿದ್ದಳು. ದೇವರೆಲ್ಲಿ ಎಂದು ಮಗ ಕೇಳಿದರೆ, “ಅಗೋ, ಬೆಟ್ಟ ಕೂತೈತಲ್ಲ, ಅಂಗೇ ಕೂತವ್ನೆ, ನೋಡ್ಕೋ,” ಎನ್ನುತ್ತಿದ್ದಳಂತೆ. ಬೆಟ್ಟದ ತುದಿಯ ಗುಡಿಗೆ ತಾಯಿ ಮಕ್ಕಳು ಹೋದದ್ದು ಒಂದೋ ಎರಡೋ ಸಲ. ನೋಡಿದ್ದು ಮಾತ್ರ ದಿನವೂ. ಈ ಸಂಗತಿ ನನಗೆ ತಿಳಿದದ್ದು ಅವನ ಹೆಂಡತಿ ವನಜಾಕ್ಷಿಯಿಂದ. ಅವನು ತನ್ನ ವಿಷಯ ಹೇಳುವವನಲ್ಲ.

ಹದಿನಾರನೆಯ ವಯಸ್ಸಿಗೆ ಅವನು ನಂಜನಗೂಡಿಗೆ ಬಂದು ಒಬ್ಬ ಬೋರ್ಡ್ ಪೇಂಟರನ ಬಳಿ ಕೆಲಸಕ್ಕೆ ಸೇರಿದನು. ಮೊದಲು ಅಕ್ಷರ, ಆಮೇಲೆ ಚಿತ್ರ ಎಂಬುದು ಅಲ್ಲಿಯ ನಿಯಮ. ‘ಶ್ರೀ’ ಎಂಬ ಒಂದು ಅಕ್ಷರ ಸರಿಯಾಗಿ ಕೂರಲು ಅವನಿಗೆ ವರ್ಷ ಹಿಡಿಯಿತು. ಲಾರಿಗಳ ಹಿಂಬದಿಯ ಹಲಗೆಗೆ ಚಿತ್ರ ಬರೆಯುವ ಕೆಲಸ ಸಿಕ್ಕ ಮೇಲೆ ಅವನ ಕೈಗೆ ಹೆಸರು ಬಂತು. ಎಲ್ಲರೂ ಕೇಳುತ್ತಿದ್ದುದು ಒಂದೇ ಚಿತ್ರ: ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಕೆರೆ, ನಾಲ್ಕು ತೆಂಗಿನ ಮರ, ಜೋಡಿ ಹಂಸ. ಬರೆಯಲು ಕೂರುವ ಮೊದಲು ಅವನು ಲಾರಿಯವರನ್ನು, “ಮನೆದೇವ್ರು ಯಾವ್ದು ಸಾ?” ಎಂದು ಕೇಳುತ್ತಿದ್ದನು. ಅದು ಬರಿಯ ಮಾತಿಗೆ ಕೇಳಿದ್ದು ಎಂದು ಎಲ್ಲರೂ ತಿಳಿದಿದ್ದರು.

ಒಮ್ಮೆ ಹೇಮಂತ್ ಎಂಬ ಡ್ರೈವರ್ ಹೊಳೆಯಲ್ಲಿ ಲಾರಿ ತೊಳೆಯುತ್ತಿದ್ದಾಗ ಹಿಂಬದಿಯ ಚಿತ್ರದ ತೆಂಗಿನ ಗರಿಗಳ ನಡುವೆ ತನ್ನ ಮನೆದೇವರು ಮಾದಪ್ಪನ ತ್ರಿಶೂಲವನ್ನು ಕಂಡನು. ಆರು ವರ್ಷದಿಂದ ಅದೇ ಲಾರಿ ಓಡಿಸುತ್ತಿದ್ದವನು. ಒದ್ದೆ ಬಟ್ಟೆಯಲ್ಲೇ ಅಂಗಡಿಗೆ ಓಡಿ ಬಂದು, “ಮೊದ್ಲೇ ಏಳ್ಬಾರ್ದಾಗಿತ್ತಾ ಚೆಲುವಣ್ಣ? ಆರು ವರ್ಷ ಅದ್ರು ಮ್ಯಾಲೆ ಕೆಸ್ರು ಹಾರಿಸ್ಕೊಂಡ್ ಓಡಾಡಿವ್ನಿ!” ಎಂದನಂತೆ. ಚೆಲುವರಾಜು ಟೀ ಲೋಟ ಕೆಳಗಿಡದೆ, “ಅದು ತೆಂಗಿನ ಗರಿ ಕಣಪ್ಪ,” ಎಂದನು.

ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಬರೆಸುವವರು ಇಲ್ಲವಾದರು. ಅವನು ಹೆಂಡತಿಯ ಊರಾದ ನಮ್ಮೂರಿಗೆ ಬಂದು ನೆಲೆಸಿ, ಮನೆಗಳಿಗೆ ಸುಣ್ಣ ಬಣ್ಣ ಹೊಡೆಯತೊಡಗಿದನು. ಮಂದಿರದ ಗೋಡೆಯ ಕೆಲಸ ಅವನಿಗೆ ಬಂದದ್ದು ಆಗ, 2011ರಲ್ಲಿ.

ಆ ಗೋಡೆಯ ಹಿನ್ನೆಲೆಯನ್ನು ಹೇಳಬೇಕು. ನಮ್ಮೂರ ಹೊಳೆದಂಡೆಯಲ್ಲಿ ಹಿಂದೆ ಒಂದು ಈಶ್ವರನ ಗುಡಿ ಇತ್ತು. ಅದು ಬಿದ್ದು ಎಷ್ಟೋ ಕಾಲವಾಯಿತು. ಲಿಂಗ ಏನಾಯಿತೆಂದು ಬಲ್ಲವರಿಲ್ಲ. ಮರಳಿನಲ್ಲಿ ಅರ್ಧ ಹೂತಿದ್ದ ಕಲ್ಲಿನ ನಂದಿಯನ್ನು ಮಾತ್ರ ಹಿರಿಯರು ಎತ್ತಿ ತಂದು, ಮಂದಿರದ ಹಜಾರದ ನಡುವೆ ಮೊಣಕಾಲೆತ್ತರದ ಕಟ್ಟೆ ಕಟ್ಟಿ, ಪಡುವಣ ಗೋಡೆಗೆ ಮುಖ ಮಾಡಿ ಕೂರಿಸಿದ್ದರು. ನಂದಿ ಬರಿಯ ಗೋಡೆ ನೋಡುತ್ತ ಕೂತಿರುವುದು ಸರಿಯಲ್ಲ, ಎದುರಿಗೆ ಈಶ್ವರನನ್ನು ಬರೆಸೋಣ ಎಂದು ಮಂದಿರದ ಸಮಿತಿ ತೀರ್ಮಾನಿಸಿತು. ಅಧ್ಯಕ್ಷ ಸಿದ್ದಯ್ಯನವರು ಚೆಲುವರಾಜುವನ್ನು ಕರೆಸಿದರು.

ಅವನು ಗೋಡೆಗೆ ಅಡ್ಡವಾಗಿ ಹಳೆಯ ಸೀರೆ ಕಟ್ಟಿಕೊಂಡು ನಲವತ್ತು ದಿನ ಕೆಲಸ ಮಾಡಿದನು. ನಡುವೆ ಮೂರು ಸಲ ಸೈಕಲ್ ತುಳಿದು ನರಸೀಪುರದ ಸಂಗಮಕ್ಕೆ ಹೋಗಿ, ಕೈಚೀಲದಲ್ಲಿ ಮರಳು ತಂದು ಪಂಚೆಯಲ್ಲಿ ಸೋಸಿದನು. ದೇವರ ಚಿತ್ರಕ್ಕೆ ಕಣ್ಣು ಬರೆಯುವುದು ಕೊನೆಗೆ, ಅದೂ ಪೂಜೆ ಮಾಡಿ. ಆದುದರಿಂದ ಸಿದ್ದಯ್ಯನವರು, “ಕಣ್ಣು ಬರೆಯೋ ದಿನ ಮುಂಚೇನೇ ಏಳಪ್ಪ, ಪಾಯಸ ಮಾಡ್ಸಬೇಕು,” ಎಂದರು. ಸೀರೆಯ ಹಿಂದಿನಿಂದ, “ಕಣ್ಣು ಬರೆಯೋದು ನನ್ ಕೆಲ್ಸ ಅಲ್ಲ ಸಿದ್ದಯ್ಯಣ್ಣ,” ಎಂಬ ಉತ್ತರ ಬಂತು. ಅವನ ಮಾತನ್ನು ಯಾರೂ ಹಿಡಿದು ಕೇಳಲಿಲ್ಲ.

ಸೀರೆ ಬಿಚ್ಚಿದ ದಿನ ಗೋಡೆಯ ಮೇಲೆ ಕಂಡದ್ದು ನರಸೀಪುರದ ಸಂಗಮ. ಎಡಕ್ಕೆ ಕಪಿಲೆ, ಬಲಕ್ಕೆ ಕಾವೇರಿ, ಎರಡೂ ಕೂಡಿ ನೋಡುವವರ ಕಡೆಗೇ ಹರಿದು ಬರುವ ಒಂದು ಹೊಳೆ. ನಡುವೆ ಮರಳ ದಿಬ್ಬ. ಒಂದು ದಡದಲ್ಲಿ ಗೋಪುರ, ಇನ್ನೊಂದು ದಡದಲ್ಲಿ ಅರಳಿಮರ, ಸ್ನಾನದ ಮೆಟ್ಟಿಲು, ಬಟ್ಟೆ ಒಗೆಯುವ ಹೆಂಗಸರು, ತೆಪ್ಪ, ಬೆಳ್ಳಕ್ಕಿ ಸಾಲು. ನೋಡಿದವರು ಮತ್ತೆ ಮತ್ತೆ ನೋಡಿದರು.

“ಚೆಂದಾಗೈತೆ ಕಣಪ್ಪ,” ಎಂದರು ಸಿದ್ದಯ್ಯನವರು. “ಈಶ್ವರ ಎಲ್ಲಿ?”

“ಅವ್ನೆ.”

“ಎಲ್ಲವ್ನೆ? ಮುಳುಗಿ ಸ್ನಾನ ಮಾಡ್ತಾವ್ನಾ?”

ಎಲ್ಲರೂ ನಕ್ಕರು. ಚೆಲುವರಾಜು ಕುಂಚಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿಕೊಂಡು ಮನೆಗೆ ಹೋದನು. ಅಂದಿನಿಂದ ಅದಕ್ಕೆ ಊರಿನಲ್ಲಿ ‘ಈಶ್ವರ ಇಲ್ಲದ ಗೋಡೆ’ ಎಂಬ ಹೆಸರು ನಿಂತಿತು.

ಎರಡು ವರ್ಷದ ಮೇಲೆ ಆ ಮಂದಿರದಲ್ಲಿ ಸೋಮವಾರದ ಪ್ರವಚನ ಆರಂಭವಾಯಿತು. ಹೇಳುವವನು ಊರ ಶಾಲೆಯ ಮೇಷ್ಟ್ರಾದ ನಾನು. ನಂದಿ ನಡುವೆ ಇದ್ದುದರಿಂದ ಹಿಂದೆ ಕೂತವರಿಗೆ ನಾನು ಕಾಣುವುದಿಲ್ಲ ಎಂಬ ದೂರು ಬಂತು. ಎದುರಿಗೆ ಈಶ್ವರನೇ ಇಲ್ಲದ ಮೇಲೆ ನಂದಿ ಎಲ್ಲಿದ್ದರೇನು, ಜಗಲಿಯಲ್ಲಿರಲಿ ಎಂದು ಸಲಹೆ ಕೊಟ್ಟವನೂ ನಾನೇ. ಎತ್ತುವ ದಿನ ಚೆಲುವರಾಜು ಬಂದು ಬಾಗಿಲಲ್ಲಿ ನಿಂತು, “ಅದೊಂದ ಎತ್ಬ್ಯಾಡಿ ಮೇಷ್ಟ್ರೆ,” ಎಂದನು. ಏಕೆಂದು ಕೇಳಿದೆ. ಅವನು ತಿರುಗಿ ಹೊರಟುಹೋದನು. ನಾಲ್ಕು ಜನ ಹಾರೆ ಹಾಕಿ ನಂದಿಯನ್ನು ಜಗಲಿಗೆ ಸಾಗಿಸಿದರು. ಖಾಲಿಯಾದ ಕಟ್ಟೆಯ ಮೇಲೆ ಮೈಕಿನ ಆಂಪ್ಲಿಫೈಯರ್ ಬಂದು ಕೂತಿತು. ಚೆಲುವರಾಜು ಆಮೇಲೆ ಮಂದಿರದೊಳಕ್ಕೆ ಕಾಲಿಡಲಿಲ್ಲ.

ಜಗಲಿಯ ನಂದಿಗೆ ಬೀದಿಯೇ ಎದುರಾಯಿತು. ಆ ವರ್ಷ ಮಂದಿರ ಗುಡಿಸಲು ಸೇರಿದ ಸಿದ್ದಲಿಂಗಮ್ಮನಿಗೆ ಆಗಲೇ ಎಪ್ಪತ್ತು ದಾಟಿತ್ತು. ನಂದಿಯ ಕೊಂಬುಗಳ ಮೇಲೆ ಹೆಬ್ಬೆರಳು ತೋರುಬೆರಳನ್ನಿಟ್ಟು, ಬಗ್ಗಿ, ನಡುವಿನಿಂದ ಈಶ್ವರನನ್ನು ನೋಡುವುದು ಶಿವನ ಗುಡಿಗಳಲ್ಲಿ ನಡೆದು ಬಂದ ಪದ್ಧತಿ. ಈಶ್ವರನಿಲ್ಲದ ಗೋಡೆಯ ಎದುರು ಊರಿನವರು ಅದನ್ನು ಬಿಟ್ಟಿದ್ದರು; ಆಕೆ ಜಗಲಿಯಲ್ಲೂ ಬಿಡಲಿಲ್ಲ. ಅಲ್ಲಿಂದ ಕಾಣುತ್ತಿದ್ದುದು ರಸ್ತೆಯಾಚೆಯ ಟೀ ಅಂಗಡಿ.

“ಏನಜ್ಜಿ, ಟೀ ಅಂಗಡಿ ಈಶ್ವರನ ದರ್ಶನ ಆಯ್ತಾ?” ಎಂದು ಸಿದ್ದಯ್ಯನವರು ಕೆಣಕುತ್ತಿದ್ದರು.

“ಅವ್ನು ಎಲ್ಲಿರ್ಬೇಕು ಅಂತ ನಿನ್ ಕಮಿಟೀಲಿ ಪಾಸ್ ಮಾಡಿದ್ದೀಯೇನ್ಲಾ?” ಎನ್ನುತ್ತಿದ್ದಳು ಅಜ್ಜಿ.

2019ರ ಆಗಸ್ಟಿನಲ್ಲಿ ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ಮಂದಿರದೊಳಕ್ಕೆ ಬಂದು ಎರಡು ದಿನ ನಿಂತಿತು. ನೀರು ಇಳಿದ ಮೇಲೆ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಒಂದು ಕೆಸರು ಗೆರೆ ಉಳಿಯಿತು. ಅದರ ಕೆಳಗೆ ಬಣ್ಣ ಅಲ್ಲಲ್ಲಿ ಉಬ್ಬಿ ಉದುರಿತು. ಸರಿಪಡಿಸುವ ಮಾತು ಬಂದಾಗಲೆಲ್ಲ ಮುಂದಕ್ಕೆ ಹೋಯಿತು. ಕೊನೆಗೆ ಕಳೆದ ವರ್ಷ ಸಮಿತಿ ಸೇರಿ, ಹಳೆಯ ಚಿತ್ರ ಕೊಚ್ಚಿ ತೆಗೆದು, ದೇವರು ಚೆನ್ನಾಗಿ ಕಾಣುವ ಟೈಲ್ಸ್ ಹಾಕಿಸುವುದೆಂದು ಒಮ್ಮತದಿಂದ ನಿರ್ಣಯಿಸಿತು. ಆ ಒಮ್ಮತದಲ್ಲಿ ನನ್ನ ಕೈಯೂ ಇತ್ತು.

ಮೂರು ದಿನದ ಬಳಿಕ ವನಜಾಕ್ಷಿ ನಮ್ಮ ಮನೆಗೆ ಬಂದಳು. ಒಳಗೆ ಬಾರೆಂದರೂ ಬರದೆ ಮೆಟ್ಟಿಲ ಮೇಲೇ ನಿಂತಳು.

“ಮೇಷ್ಟ್ರೆ, ಆ ಗೋಡೇಲಿ ಅವ್ರು ಏನೋ ಇಟ್ಟವ್ರೆ. ಏನು ಅಂತ ನಂಗೂ ಏಳಿಲ್ಲ. ಟೈಲ್ಸ್ ಸುದ್ದಿ ಕೇಳ್ದಾಗಿಂದ ಸರ್ಯಾಗಿ ಉಂಡಿಲ್ಲ. ಓಗಿ ಒಂದ್ ಮಾತು ಏಳಿ ಬನ್ನಿ ಅಂದ್ರೆ, ಗ್ವಾಡೇನೇ ಏಳ್ಲಿ ಅಂತಾರೆ. ಗ್ವಾಡೆ ಮಾತಾಡ್ತದಾ?”

ನಾನು ಆ ದಿನವೇ ಹೋಗಿ ಗೋಡೆಯ ಮುಂದೆ ಒಂದು ಗಂಟೆ ನಿಂತೆ. ಗೋಪುರದ ಗೂಡುಗಳಲ್ಲಿ, ಅರಳಿಯ ಬೇರುಗಳಲ್ಲಿ, ಬೆಳ್ಳಕ್ಕಿಗಳ ಸಾಲಿನಲ್ಲಿ ಹುಡುಕಿದೆ. ಹತ್ತಿರದಿಂದ ನೋಡಿದೆ, ದೂರದಿಂದ ನೋಡಿದೆ. ಮರದ ಕೊಂಬೆಯೊಂದು ಹಾವಿನಂತೆ ಕಂಡಿತು. ಮತ್ತೆ ನೋಡಿದಾಗ ಅದು ಕೊಂಬೆಯೇ ಆಗಿತ್ತು. ಸಂಜೆ ಚೆಲುವರಾಜುವಿನ ಮನೆಗೆ ಹೋದೆ. ಅವನು ಹಿತ್ತಲಲ್ಲಿ ಸುಣ್ಣದ ಬಕೆಟ್ ತೊಳೆಯುತ್ತಿದ್ದನು.

“ಎಲ್ಲಿ ನಿಂತ್ಕಂಡ್ ನೋಡುದ್ರಿ ಮೇಷ್ಟ್ರೆ?” ಎಂದು ಕೇಳಿದನು.

“ಗೋಡೆಯ ಮುಂದೆ. ಇನ್ನೆಲ್ಲಿ?”

“ಸರಿ ಬುಡಿ.”

“ಇರೋದನ್ನ ಹೇಳಿಬಿಡು ಚೆಲುವರಾಜು. ಸಮಿತಿಗೆ ನಾನೇ ತಿಳಿಸ್ತೇನೆ. ಗೋಡೆ ಉಳಿಯುತ್ತೆ.”

ಅವನು ಬಕೆಟ್ ಬೋರಲು ಹಾಕಿ ಎದ್ದನು. “ನಾನು ಏಳಿ ನೀವು ನೋಡುದ್ರೆ, ಅದು ನಾನು ತೋರ್ಸ್ದಂಗಾಯ್ತದೆ. ನಿಮ್ಗೆ ಕಂಡಂಗಾಗಕಿಲ್ಲ. ಲಾರಿ ಇಂದ್ಗಡೆ ಆದ್ರೂ ಅಷ್ಟೇ, ಗುಡಿ ಒಳ್ಗಡೆ ಆದ್ರೂ ಅಷ್ಟೇಯ.”

“ಕೊಚ್ಚಿ ಹಾಕ್ತಾರೆ.”

“ಊಂ. ಗೊತ್ತು.”

ಅವನ ಧ್ವನಿಯಲ್ಲಿ ಹಟವಿರಲಿಲ್ಲ. ಅದಕ್ಕೇ ನಾನು ಮತ್ತೆ ಒತ್ತಾಯಿಸಲಾರದೆ ಎದ್ದು ಬಂದೆ.

ಟೈಲ್ಸ್ ಬಂದದ್ದು ಗುರುವಾರ ಬೆಳಿಗ್ಗೆ, ಗೂಡ್ಸ್ ಆಟೋದಲ್ಲಿ. ಹಾಕಲು ಬನ್ನೂರಿನಿಂದ ಚಿಕ್ಕಸ್ವಾಮಿ ಎಂಬ ಗಾರೆ ಮೇಸ್ತ್ರಿ ಇಬ್ಬರು ಆಳುಗಳೊಡನೆ ಬಂದಿದ್ದನು. ಮೋಡ ಕವಿದಿತ್ತು. ಪೆಟ್ಟಿಗೆಗಳು ನೆನೆಯಬಾರದೆಂದು ಜಗಲಿಯಲ್ಲಿ ಜೋಡಿಸಬೇಕಾಯಿತು. ಜಗಲಿಯಲ್ಲಿ ನಂದಿ ಇತ್ತು.

“ಈ ಬಸವಣ್ಣನ್ನ ಎಲ್ಲಿಡಣ?” ಎಂದು ಚಿಕ್ಕಸ್ವಾಮಿ ಕೇಳಿದನು.

“ಒಳಗೆ ಎಲ್ಲಾದ್ರೂ ಇಡಿ. ಕೆಲ್ಸ ಮುಗುದ್ ಮೇಲೆ ಈಚೆಗೆ ತರಣ,” ಎಂದರು ಸಿದ್ದಯ್ಯನವರು.

ನಾಲ್ಕು ಜನ ಹಗ್ಗ ಹಾರೆ ಹಾಕಿ ಎತ್ತಿದರು. ಅಷ್ಟು ಭಾರವನ್ನು ನೆಲಕ್ಕಿಟ್ಟರೆ ಮತ್ತೆ ಎತ್ತುವುದು ಕಷ್ಟ. ಹಜಾರದ ನಡುವೆ ಹಳೆಯ ಕಟ್ಟೆ ಸಿದ್ಧವಾಗಿಯೇ ಇತ್ತು. ಆಂಪ್ಲಿಫೈಯರನ್ನು ಇಳಿಸಿ ನಂದಿಯನ್ನು ಅಲ್ಲಿ ಕೂರಿಸಿದರು. ಅದರ ಅಡಿಗಲ್ಲಿನ ಗುರುತು ಕಟ್ಟೆಯ ಮೇಲೆ ಇನ್ನೂ ಇತ್ತು. ಹೆಚ್ಚುಕಡಿಮೆ ಅದರ ಮೇಲೇ, ಪಡುವಣಕ್ಕೆ ಮುಖವಾಗಿ ಕೂತಿತು. ಇದರಲ್ಲಿ ಯಾರ ಯೋಚನೆಯೂ ಇರಲಿಲ್ಲ. ಚಿಕ್ಕಸ್ವಾಮಿ ಏಣಿ ಹತ್ತಿ, ಗೋಡೆಯ ಮೇಲಿನ ಮೂಲೆಯಿಂದ ಉಳಿ ಸುತ್ತಿಗೆಯಲ್ಲಿ ಗಾರೆ ಕೊಚ್ಚಲು ತೊಡಗಿದನು. ನಾಲ್ಕೈದು ಏಟಿಗೆ ಅಂಗೈಯಗಲದ ಆಕಾಶ ಕೆಳಕ್ಕೆ ಉದುರಿತು.

ಉದುರಿದ್ದನ್ನು ಗುಡಿಸಲು ಸಿದ್ದಲಿಂಗಮ್ಮ ಪೊರಕೆ ಹಿಡಿದು ಒಳಗೆ ಬಂದಳು. ಎದುರಿಗೆ ನಂದಿ. ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ಎಂದಿನಂತೆ ಕೊಂಬುಗಳ ಮೇಲೆ ಬೆರಳಿಟ್ಟು ಬಗ್ಗಿದಳು. ಎಂದಿನಂತೆ ಎದ್ದೇಳಲಿಲ್ಲ.

“ಏನಜ್ಜಿ, ಸೊಂಟ ಇಡ್ಕಂತಾ?” ಎಂದರು ಸಿದ್ದಯ್ಯನವರು.

“ಲೇ ಮೇಸ್ತ್ರಿ,” ಎಂದಳು ಅಜ್ಜಿ, ಬಗ್ಗಿದಂತೆಯೇ. “ಇಳೀಲಾ ಕೆಳಕ್ಕೆ.”

“ಯಾಕಜ್ಜಿ?”

“ಅವ್ನ್ ತಲೆ ಮ್ಯಾಲೆ ನಿಂತಿದ್ದೀಯ ಕಣ್ಲಾ.”

ಚಿಕ್ಕಸ್ವಾಮಿ ಹೆದರಿ ಇಳಿದನು. ಅಜ್ಜಿ ಸರಿದು ಅವನಿಗೆ ಜಾಗ ಬಿಟ್ಟಳು. ಅವನು ಬಗ್ಗಿ ನೋಡಿ, ತಲೆಗೆ ಕಟ್ಟಿದ ಟವೆಲ್ ಬಿಚ್ಚಿದನು. ಆಮೇಲೆ ಆಳುಗಳು, ಆಮೇಲೆ ಸಿದ್ದಯ್ಯನವರು, ಕಡೆಗೆ ನಾನು.

ಕಂಡದ್ದನ್ನು ಹೇಳುತ್ತೇನೆ. ನಂದಿಯ ಕೊಂಬುಗಳು ಚಿತ್ರದ ಎರಡು ಬದಿಗಳನ್ನು ಮರೆಮಾಡಿದವು. ಗೋಪುರವಿಲ್ಲ, ಅರಳಿಮರವಿಲ್ಲ, ಮೆಟ್ಟಿಲು, ತೆಪ್ಪ, ಹೆಂಗಸರು ಯಾವುದೂ ಇಲ್ಲ. ನಡುವೆ ಉಳಿದದ್ದು ಮರಳ ದಿಬ್ಬವೊಂದೇ. ಅದರ ಎರಡು ಮಗ್ಗುಲಿಗೆ ಬಾಗಿ ಬರುವ ನೀರು. ಆ ದಿಬ್ಬವೇ ಲಿಂಗ. ಬಳಸಿ ಬರುವ ಎರಡು ಹೊಳೆಗಳೇ ಪೀಠ. ಕೂಡಿದ ಹೊಳೆ ಅಭಿಷೇಕದ ನೀರು ಹೊರಹೋಗುವ ಹರಿವಿನಂತೆ ನಮ್ಮ ಕಡೆಗೆ ಇಳಿದು ಬರುತ್ತಿತ್ತು. ತಲೆ ಎತ್ತಿ ಬರಿಗಣ್ಣಿನಿಂದ ನೋಡಿದರೆ ಮತ್ತೆ ಗೋಪುರ, ಮರ, ತೆಪ್ಪ. ಬಗ್ಗಿದರೆ ಈಶ್ವರ.

ಅಗಸ್ತ್ಯ ಮಹರ್ಷಿಗಳು ಕಾಶಿಯಿಂದ ಲಿಂಗ ತರಲು ಹನುಮಂತನನ್ನು ಕಳುಹಿಸಿ, ಮುಹೂರ್ತ ಮೀರುವುದೆಂದು ಸಂಗಮದ ಮರಳಿನಲ್ಲೇ ಲಿಂಗ ಮಾಡಿ ಪೂಜಿಸಿದ, ಅದರ ನೆತ್ತಿಯಲ್ಲಿ ಇಂದಿಗೂ ನೀರು ಜಿನುಗುವ ಕಥೆಯನ್ನು ನಾನು ಪ್ರತಿ ಮಾಘಮಾಸದಲ್ಲಿ ಆ ಮಂದಿರದಲ್ಲಿ ಹೇಳುತ್ತ ಬಂದಿದ್ದೆ. ಹನ್ನೊಂದು ಮಾಘ ಕಳೆದಿದ್ದವು. ಪ್ರತಿ ಸಲವೂ ಗೋಡೆಗೆ ಬೆನ್ನು ಹಾಕಿ ಕೂತು ಹೇಳಿದ್ದೆ. ಗೋಡೆಯ ಬಳಿ ಹೋಗಿ ದಿಬ್ಬದ ಜಾಗದಲ್ಲಿ ಬೆರಳಾಡಿಸಿದೆ. ಸೋಸಿದ ಮರಳು ಬಣ್ಣದೊಳಗಿನಿಂದ ತರಿತರಿಯಾಗಿ ತಾಕಿತು.

ಯಾರೋ ಹೋಗಿ ಚೆಲುವರಾಜುವನ್ನು ಕರೆತಂದರು. ಎಲ್ಲಿಯೋ ಸುಣ್ಣ ಹೊಡೆಯುತ್ತಿದ್ದವನು, ಮೊಣಕೈವರೆಗೆ ಬಿಳುಪಾಗಿತ್ತು. ಬಾಗಿಲಲ್ಲಿ ನಿಂತು ಮೊದಲು ನಂದಿಯನ್ನು ನೋಡಿದನು, ಆಮೇಲೆ ಕೊಚ್ಚಿದ ಮೂಲೆಯನ್ನು.

ಸಿದ್ದಯ್ಯನವರ ಮುಖ ಅರಳಿತ್ತು. “ಏನಯ್ಯ, ಎಂಥಾ ಕೆಲ್ಸ ಮಾಡಿದ್ದೀಯ! ಟೈಲ್ಸ್ ಬ್ಯಾಡ, ಇದೇ ಇರ್ಲಿ. ಒಂದ್ ಕೆಲ್ಸ ಮಾಡು. ಆ ದಿಬ್ಬದ ಸುತ್ತ ಒಂದು ಕಪ್ಪು ಗೀಟು ಎಳ್ದು, ಮೂರು ವಿಭೂತಿ ಪಟ್ಟೆ ಬಳ್ದುಬುಡು. ಬಾಗ್ಲಿಂದ್ಲೇ ಎಲ್ರಿಗೂ ಕಾಣ್ಲಿ.”

ಉಳಿಯ ಏಟಿನಿಂದ ತಪ್ಪಿದ ಗೋಡೆ ಈಗ ಭಕ್ತಿಯ ಕೈಗೆ ಸಿಕ್ಕಿತು. ಚೆಲುವರಾಜು ಸುಣ್ಣದ ಕೈಯನ್ನು ಪಂಚೆಗೆ ಒರೆಸಿಕೊಂಡನು. ಆಮೇಲೆ, “ಗೀಟು ಎಳುದ್ರೆ ನಂದಿಗೇನು ಕೆಲ್ಸ ಸಿದ್ದಯ್ಯಣ್ಣ?” ಎಂದನು.

“ಅಂಗಲ್ಲಪ್ಪ. ವಯಸ್ಸಾದೋರು ಬಗ್ಗಿ ನೋಡಕ್ಕಾಯ್ತದಾ?”

“ನಂಗೆ ಎಂಬತ್ತಾಯ್ತು, ನಾನು ಬಗ್ನಿಲ್ವಾ?” ಎಂದಳು ಸಿದ್ದಲಿಂಗಮ್ಮ. “ನಿನ್ ಒಟ್ಟೆ ಬುಡಕಿಲ್ಲ ಅನ್ನು. ಗ್ವಾಡೆ ಮ್ಯಾಲ್ ಯಾಕಾಕ್ತೀಯ?”

ಚಿಕ್ಕಸ್ವಾಮಿಯ ಆಳುಗಳು ನಗು ತಡೆಯಲಾರದೆ ಜಗಲಿಗೆ ಓಡಿದರು. ಸಿದ್ದಯ್ಯನವರೂ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕುಬಿಟ್ಟರು. ಗೀಟಿನ ಮಾತು ಅಲ್ಲಿಗೆ ನಿಂತಿತು. ಬಂದ ಟೈಲ್ಸನ್ನು ಏನು ಮಾಡುವುದೆಂಬ ಪ್ರಶ್ನೆಗೆ ಚಿಕ್ಕಸ್ವಾಮಿಯೇ ದಾರಿ ಹೇಳಿದನು: “ಕಾಂಪೌಂಡಿಗೆ ಈಚೆ ಕಡೆ ಹಾಕ್ಬುಡಣ. ಬಸ್ಸಿಗೆ ಕಾಯೋರು ಅಲ್ಲಿ ಗಲೀಜು ಮಾಡೋದಾದ್ರೂ ತಪ್ತದೆ.”

ಎಲ್ಲರೂ ಹೊರಗೆ ಹೋದ ಮೇಲೆ ನಾನು ಚೆಲುವರಾಜುವನ್ನು ಕೇಳಿದೆ: “ನಂದಿಯನ್ನು ಎತ್ತಿಸಿದವನು ನಾನು. ಇಷ್ಟು ವರ್ಷ ನನ್ನ ಮೇಲೆ ಬೇಜಾರಾಗಲಿಲ್ಲವೆ?”

“ಆಯ್ತು ಮೇಷ್ಟ್ರೆ,” ಎಂದನು ಅವನು ಸರಳವಾಗಿ. “ಆಗ್ದೆ ಇರ್ತದಾ?”

ಅವನು ಕಟ್ಟೆಯ ಬಳಿ ಕುಕ್ಕರುಗಾಲಲ್ಲಿ ಕೂತು, ನಂದಿಯ ಅಡಿಗಲ್ಲಿಗೂ ಹಳೆಯ ಗುರುತಿಗೂ ನಡುವೆ ಬೆರಳಿಟ್ಟು ಅಳೆದನು. “ಎರಡು ಬೆಳ್ಳು ತೆಂಕ್ಕೆ ಓಗೈತೆ,” ಎಂದು ಚಿಕ್ಕಸ್ವಾಮಿಯನ್ನು ಹಾರೆಯೊಡನೆ ಕರೆದನು. ಅಡಿಗೆ ಹಾರೆ ಕೊಟ್ಟು, ಇಬ್ಬರೂ ಸೇರಿ ಮೀಟಿ ನಂದಿಯನ್ನು ಬಡಗಕ್ಕೆ ಸರಿಸಿದರು. ಚೆಲುವರಾಜು ಮಾತ್ರ ಬಗ್ಗಿ ನೋಡಲಿಲ್ಲ. ಅರ್ಧ ಗೋಡೆ ಬಾಕಿಯಿದೆ, ಸುಣ್ಣ ಒಣಗುತ್ತದೆ ಎಂದು ಹೊರಟುಹೋದನು.

ನಾನು ಮತ್ತೊಮ್ಮೆ ಕೊಂಬಿನ ಮೇಲೆ ಬೆರಳಿಟ್ಟೆ. ಆ ಎರಡು ಬೆರಳಿನಷ್ಟು ಸರಿದದ್ದರಿಂದ, ಮೊದಲು ಬಲಗೊಂಬಿನ ತುದಿ ಮುಚ್ಚಿದ್ದ ಒಂದು ಬೆಳ್ಳಕ್ಕಿ ಈಗ ಲಿಂಗದ ನೆತ್ತಿಯಲ್ಲಿ ತೋರಿತು. ಅಲ್ಲಿಂದ ಅದು ಹಕ್ಕಿಯಾಗಿ ಕಾಣಲಿಲ್ಲ. ಮರಳ ಲಿಂಗದ ನೆತ್ತಿಯಲ್ಲಿ ಜಿನುಗುವುದೆಂದು ನಾನು ಕಥೆಯಲ್ಲಿ ಹೇಳುತ್ತಿದ್ದ ನೀರಿನ ಹನಿಯಾಗಿ ಕಂಡಿತು.

ಕೊಚ್ಚಿದ ಮೂಲೆಗೆ ಚೆಲುವರಾಜು ಆಮೇಲೊಂದು ದಿನ ಬಂದು ಬಿಳಿ ಸುಣ್ಣ ಮಾತ್ರ ಬಳಿದನು. ಹೊಳೆಯ ಕೆಸರು ಗೆರೆಯನ್ನು ಮುಟ್ಟಲಿಲ್ಲ. ಈಶ್ವರನಿಗೂ ನಂದಿಗೂ ನಡುವೆ ಅಡ್ಡ ಹಾಯಬಾರದೆಂಬುದು ಹಳೆಯ ನಿಯಮ. ಆದುದರಿಂದ ಸೋಮವಾರದ ಪ್ರವಚನದ ಕುರ್ಚಿ ಈಗ ಉತ್ತರದ ಗೋಡೆಯ ಬದಿಯಲ್ಲಿದೆ. ಹಿಂದೆ ಕೂತವರಿಗೆ ನಾನು ಕಾಣುವುದಿಲ್ಲ.